ಆರೋಗ್ಯ ಪ್ರಶ್ನೋತ್ತರ: ಮಕ್ಕಳೊಡನೆ ರಾತ್ರಿಯ ರೈಲಿನಲ್ಲಿ

ಶಾಲೆಗಳಿಗೆ ರಜೆ ಸಮೀಪಿಸಿತೆಂದರೆ ನನಗೆ ಬರುವ ಪತ್ರಗಳ ಸ್ವರೂಪವೇ ಬೇರೆಯಾಗುತ್ತದೆ. ಜ್ವರ, ಕೆಮ್ಮು, ಕಜ್ಜಿಗಳ ವಿಚಾರ ಹಿಂದೆ ಸರಿದು, ಮುಂಬಯಿಗೋ ಕಾಶಿಗೋ ಮಕ್ಕಳನ್ನು ಕಟ್ಟಿಕೊಂಡು ಹೊರಟವರ ಕಳವಳಗಳು ಮುಂದೆ ಬರುತ್ತವೆ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಚಿಕ್ಕ ರೈಲೊಂದು ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳನ್ನು ಹಾದು, ನಂದಿ ಬೆಟ್ಟದ ಬುಡವನ್ನು ಬಳಸಿಕೊಂಡು ಸಾಗುತ್ತಿತ್ತು. ಇಂದು ಅದೇ ದಾರಿಗೆ ದೊಡ್ಡ ಹಳಿ ಬಂದಿದ್ದರೂ, ದೂರದೂರಿಗೆ ಹೋಗುವವರು ಬಹುಮಟ್ಟಿಗೆ ಬೆಂಗಳೂರನ್ನು ಸೇರಿಯೇ ರೈಲು ಹತ್ತಬೇಕು. ಗುಂತಕಲ್ಲಿನ ಮುಖ್ಯಮಾರ್ಗದ ಮೇಲಿರುವ ಗೌರಿಬಿದನೂರಿನವರ ಭಾಗ್ಯ ಮಿಕ್ಕ ಮೂರು ಊರುಗಳವರಿಗಿಲ್ಲ. ವೈದ್ಯನಾದವನು ಈ ದಾರಿಯ ಮಾತನ್ನೇಕೆ ಎತ್ತಿದನೆಂದರೆ, ಶಿಡ್ಲಘಟ್ಟದ ಮಗು ರೈಲಿನ ಮೆಟ್ಟಿಲು ಹತ್ತುವಷ್ಟರಲ್ಲಿಯೇ ಬಸ್ಸಿನಲ್ಲಿ ಕುಲುಕಾಡಿ, ಹೊತ್ತು ಮೀರಿ ಉಂಡು, ಅರ್ಧ ದಣಿದಿರುತ್ತದೆ. ಆ ಮಗುವಿನ ರಾತ್ರಿ ಹೇಗಿರುವುದೆಂಬುದು ಬಹುಪಾಲು ಆ ಹಗಲಿನಲ್ಲಿಯೇ ನಿರ್ಣಯವಾಗಿಬಿಟ್ಟಿರುತ್ತದೆ.

ಪ್ರಶ್ನೆ: ಡಾಕ್ಟರ್‌ರವರಿಗೆ ನಮಸ್ಕಾರಗಳು. ಮುಂದಿನ ತಿಂಗಳು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬಯಿಯ ನಮ್ಮಣ್ಣನ ಮನೆಗೆ ಹೋಗುವವರಿದ್ದೇವೆ. ಮಗನಿಗೆ ಮೂರು ವರ್ಷ. ಹೊಸ ಜಾಗವೆಂದರೆ ಮಲಗದೆ ಅಳುತ್ತಾನೆ. ನೆಗಡಿಯ ಸಿರಪ್ಪನ್ನು ಒಂದು ಚಮಚ ಕುಡಿಸಿದರೆ ಬೆಳಗಿನವರೆಗೆ ಏಳುವುದಿಲ್ಲವೆಂದು ನಮ್ಮ ಓರಗಿತ್ತಿ ಹೇಳುತ್ತಾರೆ. ಕೊಡಬಹುದೆ? (ಗೌರಿಬಿದನೂರಿನ ಒಬ್ಬ ತಾಯಿ)

ಉತ್ತರ: ಕೊಡಬಾರದು, ತಾಯಿ. ನೆಗಡಿಯ ಸಿರಪ್ಪಿನಲ್ಲಿ ಸಾಮಾನ್ಯವಾಗಿರುವ ಕ್ಲೋರ್‌ಫೆನಿರಮೈನ್‌ನಂತಹ ದ್ರವ್ಯವು ಮೂಗನ್ನು ಒಣಗಿಸುವುದರ ಜೊತೆಗೆ ಮಿದುಳಿಗೆ ಮಂಪರು ಕವಿಸುತ್ತದೆ. ಆ ಮಂಪರನ್ನೇ ಜನರು ನಿದ್ರೆಯೆಂದು ಭಾವಿಸುತ್ತಾರೆ. ಕೆಲವು ಮಕ್ಕಳಲ್ಲಿ ಅದು ವಿಪರೀತ ಫಲವನ್ನಿತ್ತು, ಮಗು ಮಲಗುವುದರ ಬದಲು ರಾತ್ರಿಯೆಲ್ಲ ಕೆರಳಿ ಚಡಪಡಿಸುವುದೂ ಉಂಟು. ಇದೇ ವರ್ಗಕ್ಕೆ ಸೇರಿದ ಪ್ರೊಮೆಥಜಿನ್ ಎಂಬ ಔಷಧವು ಎಳೆಯ ಮಕ್ಕಳ ಉಸಿರಾಟವನ್ನೇ ಕುಗ್ಗಿಸಬಲ್ಲದಾದ್ದರಿಂದ ಎರಡು ವರ್ಷದೊಳಗಿನವರಿಗೆ ಅದು ಸರ್ವಥಾ ನಿಷಿದ್ಧ. ೨೦೨೫ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಪ್ರಾಂತದಲ್ಲಿ, ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ಪನ್ನು ಕುಡಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡಗಳು ಕೆಟ್ಟು ತೀರಿಕೊಂಡುದನ್ನು ತಾವು ಪತ್ರಿಕೆಗಳಲ್ಲಿ ಓದಿರಬಹುದು. ಆ ದಿನಗಳಲ್ಲಿಯೇ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು, ಕೆಮ್ಮು ನೆಗಡಿಗಳ ಔಷಧವನ್ನು ಎರಡು ವರ್ಷದೊಳಗಿನವರಿಗೆ ಕೊಡಲೇಬಾರದೆಂದೂ ಐದು ವರ್ಷದೊಳಗಿನವರಿಗೆ ಅದು ಸಾಮಾನ್ಯವಾಗಿ ಸಲ್ಲದೆಂದೂ ಸೂಚಿಸಿತು. ನೆಗಡಿಯಿರುವ ಮಗುವಿಗೇ ಇಷ್ಟು ಎಚ್ಚರಿಕೆ ಬೇಕಾದಲ್ಲಿ, ನೆಗಡಿಯೇ ಇಲ್ಲದ ಮಗುವಿಗೆ ದೊಡ್ಡವರ ಅನುಕೂಲಕ್ಕಾಗಿ ಅದನ್ನು ಕುಡಿಸುವುದು ಹೇಗೆ ಸಮ್ಮತವಾದೀತು? ಗುಂತಕಲ್ಲಿಗೂ ರಾಯಚೂರಿಗೂ ನಡುವೆ ಎಲ್ಲಿಯೋ, ದೀಪವಾರಿಸಿದ ಬೋಗಿಯಲ್ಲಿ, ಎಲ್ಲರೂ ಮುಸುಕೆಳೆದು ಮಲಗಿರುವ ಹೊತ್ತಿನಲ್ಲಿ ಮಗುವಿನ ಉಸಿರು ನಿಧಾನವಾದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲವೆಂಬುದೇ ನನ್ನ ಭಯ.

ಮೂರು ವರ್ಷದ ಮಗು ಹೊಸ ಸ್ಥಳದಲ್ಲಿ ಎಚ್ಚರವಾಗಿರುವುದು ಅದರ ಸಹಜಧರ್ಮ. ಪಯಣದ ದಿನ ಮಧ್ಯಾಹ್ನದ ನಿದ್ರೆಯನ್ನು ತಪ್ಪಿಸಬೇಡಿ. ದಣಿದ ಮಗು ಬೇಗ ಮಲಗೀತೆಂಬ ನಂಬಿಕೆ ಬಹಳ ಮನೆಗಳಲ್ಲಿದೆ, ಆದರೆ ಅತಿಯಾಗಿ ದಣಿದ ಮಗುವೇ ಅತಿಯಾಗಿ ಹಟ ಮಾಡುವುದು. ಊಟವನ್ನು ಮನೆಯಲ್ಲಿಯೇ ಮುಗಿಸಿಕೊಂಡು ಹೊರಡಿ. ದಿನವೂ ಹೊದೆಯುವ ಹಳೆಯ ಹೊದಿಕೆಯನ್ನು ಒಗೆಯದೆ ಹಾಗೆಯೇ ತನ್ನಿ, ಅದರ ವಾಸನೆಯೇ ಅವನಿಗೆ ಅರ್ಧ ಮನೆ. ಮೊಬೈಲನ್ನು ಕಣ್ಣೆದುರಿಗೆ ಹಿಡಿಯದೆ, ಕಿಟಕಿಯಾಚೆ ಹಿಂದೆ ಸರಿಯುವ ದೀಪಗಳನ್ನು ತೋರಿಸುತ್ತ ಮೆಲುದನಿಯಲ್ಲಿ ಮಾತನಾಡಿಸಿರಿ. ಹನ್ನೊಂದು ಗಂಟೆಯಾದರೂ ಮಲಗಲಿಲ್ಲವೆ, ಮಲಗದಿರಲಿ. ಒಂದು ರಾತ್ರಿಯ ನಿದ್ರೆ ಕೆಟ್ಟರೆ ಅವನಿಗೆ ಕೇಡಿಲ್ಲ, ಮರುದಿನ ಸೊಲ್ಲಾಪುರ ಬರುವುದರೊಳಗೆ ತಾನಾಗಿಯೇ ತೊಡೆಯ ಮೇಲೆ ಒರಗಿಕೊಂಡಾನು.

ಔಷಧದ ಮಾತು ಬಂದುದರಿಂದ ಇನ್ನೊಂದು ವಿಷಯ. ಇದೇ ರೀತಿ ಊರಿಗೆ ಹೊರಟಿದ್ದ ತಾಯಿಯೊಬ್ಬರು ತಮ್ಮ ಔಷಧಚೀಲವನ್ನು ನನ್ನ ಮೇಜಿನ ಮೇಲೆ ಬಿಚ್ಚಿದರು: ಒಂದು ಥರ್ಮಾಮೀಟರ್, ಹತ್ತಿ, ಅರ್ಧ ಖಾಲಿಯಾದ ಮುಲಾಮು, ಜ್ವರದ ಪ್ಯಾರಾಸಿಟಮಾಲ್ ಸಿರಪ್ಪಿನ ಎರಡು ಬಾಟಲಿ. ಎರಡರ ಬಣ್ಣವೂ ಒಂದೇ, ಎತ್ತರವೂ ಒಂದೇ. ಚೀಟಿಯನ್ನು ಬೆಳಕಿಗೆ ಹಿಡಿದು ಓದಿದರೆ ಒಂದರಲ್ಲಿ ೫ ಮಿಲಿಲೀಟರಿಗೆ ೧೨೦ ಮಿಲಿಗ್ರಾಂ, ಮತ್ತೊಂದರಲ್ಲಿ ೨೫೦. ಮಗುವಿನ ತೂಕದ ಪ್ರತಿ ಕಿಲೋಗೆ ೧೫ ಮಿಲಿಗ್ರಾಂ ಎಂಬುದು ಒಂದು ಸಲಕ್ಕೆ ಕೊಡುವ ಗರಿಷ್ಠ ಪ್ರಮಾಣ. ೧೦ ಕಿಲೋ ತೂಗುವ ಮಗುವಿಗೆ ಮೊದಲನೆಯ ಬಾಟಲಿಯಿಂದ ಆರು ಮಿಲಿಲೀಟರ್ ಸಲ್ಲುತ್ತದೆ, ಎರಡನೆಯದರಿಂದ ಮೂರೇ. ನೀಲಿಯ ರಾತ್ರಿದೀಪದಲ್ಲಿ ಈ ವ್ಯತ್ಯಾಸ ಯಾರಿಗೆ ತಿಳಿದೀತು? ಒಂದೇ ಬಾಟಲಿಯನ್ನು ಒಯ್ಯಿರಿ. ತಮ್ಮ ಮಗುವಿನ ಪ್ರಮಾಣವನ್ನು ವೈದ್ಯರಿಂದ ಕೇಳಿ, ಅದರ ಮೇಲೆಯೇ ದಪ್ಪಕ್ಷರದಲ್ಲಿ ಬರೆದಂಟಿಸಿರಿ. ಎರಡು ಸಲದ ನಡುವೆ ಕನಿಷ್ಠ ನಾಲ್ಕು ಗಂಟೆಯ ಅಂತರವಿರಬೇಕು, ದಿನಕ್ಕೆ ನಾಲ್ಕು ಸಲವನ್ನು ಮೀರಕೂಡದು.

ಪ್ರಶ್ನೆ: ಎಂಟು ವರ್ಷದ ನನ್ನ ಮಗಳು ರೈಲಿನ ಶೌಚಾಲಯಕ್ಕೆ ಹೋಗಲು ಹೆದರಿ ನೀರನ್ನೇ ಕುಡಿಯುವುದಿಲ್ಲ. ಹಿಂದಿನ ಸಲ ಊರಿಗೆ ಬಂದ ಮೇಲೆ ಉರಿಮೂತ್ರವಾಯಿತು. (ಶಿಡ್ಲಘಟ್ಟದ ಒಬ್ಬ ಓದುಗರು)

ಉತ್ತರ: ಈ ಪ್ರಶ್ನೆಯನ್ನು ಕೇಳಿದ್ದಕ್ಕಾಗಿ ತಮಗೆ ಕೃತಜ್ಞ. ಹೆಣ್ಣುಮಕ್ಕಳ ಈ ಸಂಕಟವನ್ನು ಮನೆಯವರು ಹಟವೆಂದು ಗದರಿಸಿ ಸುಮ್ಮನಾಗಿಸುವುದೇ ಹೆಚ್ಚು. ನೀರು ಕಡಿಮೆಯಾಗಿ, ಮೂತ್ರವನ್ನು ಗಂಟೆಗಟ್ಟಲೆ ತಡೆದಾಗ ಮೂತ್ರಕೋಶದಲ್ಲಿ ರೋಗಾಣುಗಳು ಬೆಳೆಯುವುದಕ್ಕೆ ಅವಕಾಶವಾಗುತ್ತದೆ; ಮಲಬದ್ಧತೆಯೂ ಜೊತೆಗೂಡುತ್ತದೆ. ಮಗುವಿಗೆ ಹೆದರಿಕೆ ಕೊಳೆಯೊಂದರಿಂದಲೇ ಅಲ್ಲ, ಆ ಇಕ್ಕಟ್ಟಾದ ಕೋಣೆಯ ಕುಲುಕಾಟ ಮತ್ತು ಗಡಗಡ ಶಬ್ದಗಳಿಂದಲೂ ಹುಟ್ಟುತ್ತದೆ. ಆದ್ದರಿಂದ ರೈಲು ಹೊರಟು ಸ್ವಲ್ಪ ಹೊತ್ತಿನಲ್ಲಿಯೇ, ಬಳಸದ ಶೌಚಾಲಯವು ಇನ್ನೂ ಒಣಗಿರುವಾಗ, ಒಂದು ಸಲ ಕರೆದೊಯ್ಯಿರಿ. ತಾವೂ ಒಳಗೆ ನಿಂತು ಅವಳ ಎರಡು ಕೈಗಳನ್ನು ಹಿಡಿದುಕೊಳ್ಳಿರಿ. ಒಮ್ಮೆ ಆ ಭಯ ಕಳೆದರೆ ರಾತ್ರಿಯ ಮಿಕ್ಕ ಎರಡು ಸಲಕ್ಕೆ ಕಷ್ಟವಿಲ್ಲ. ಪ್ರತ್ಯೇಕ ರಬ್ಬರ್ ಚಪ್ಪಲಿಯೂ ಸಾಬೂನಿನ ತುಂಡೊಂದೂ ಚೀಲದ ಮೇಲ್ಗಡೆಯೇ ಇರಲಿ. ಮಾರನೆಯ ದಿನವೂ ಉರಿಯಾಗಲಿ ಜ್ವರವಾಗಲಿ ಇದ್ದರೆ ಮೂತ್ರಪರೀಕ್ಷೆ ಅಗತ್ಯ. ಬಾರ್ಲಿ ನೀರಿನಿಂದಲೇ ಸರಿಹೋದೀತೆಂದು ಕಾಯಬೇಡಿ.

ಪ್ರಶ್ನೆ: ಡಾಕ್ಟರಪ್ಪಾ, ನಾಲ್ಕು ಮತ್ತು ಹತ್ತು ವರ್ಷದ ಮೊಮ್ಮಕ್ಕಳನ್ನು ಕರೆದುಕೊಂಡು ಕಾಶಿಗೆ ಹೊರಟಿದ್ದೇವೆ. ಎರಡು ರಾತ್ರಿ ರೈಲಿನಲ್ಲಿರಬೇಕು. ಏನೇನು ಕಟ್ಟಿಕೊಂಡು ಹೋಗಲಿ? ಭೇದಿಯಾದರೆ ಏನು ಮಾಡಲಿ? (ಚಿಂತಾಮಣಿಯ ಒಬ್ಬ ಅಜ್ಜಿ)

ಉತ್ತರ: ಅಮ್ಮ, ಯಾವ ತಿಂಡಿ ಎಷ್ಟು ದಿನ ಕೆಡದೆ ನಿಲ್ಲುವುದೆಂಬ ವಿದ್ಯೆಯಲ್ಲಿ ತಾವು ನನಗಿಂತ ಬಲ್ಲವರು. ಹುಳಿಯ ಬಲದಿಂದ ಪುಳಿಯೋಗರೆ ಮೊದಲ ರಾತ್ರಿಗೆ ಆದೀತು. ಚಪಾತಿ, ಚಟ್ನಿಪುಡಿ, ಹುರಿಹಿಟ್ಟು, ಅವಲಕ್ಕಿ ಮರುದಿನಕ್ಕೂ ಸಲ್ಲುತ್ತವೆ. ಮೊಸರನ್ನವನ್ನು ಹೊರಟ ಕೆಲವು ಗಂಟೆಗಳಲ್ಲಿಯೇ ಮುಗಿಸಿರಿ, ಉಳಿದುದನ್ನು ಮಮತೆಯಿಂದ ಎತ್ತಿಡಬೇಡಿ. ನಿಲ್ದಾಣದಲ್ಲಿ ಕೊಯ್ದಿಟ್ಟು ಮಾರುವ ಹಣ್ಣನ್ನು ಮುಟ್ಟದೆ, ಸುಲಿದು ತಿನ್ನುವ ಬಾಳೆ, ಕಿತ್ತಳೆಗಳನ್ನು ಕೊಳ್ಳಿರಿ. ನೀರಿನ ವಿಚಾರದಲ್ಲಿ ಫ್ಲೋರೈಡಿನ ದೆಸೆಯಿಂದ ನಮ್ಮ ಜಿಲ್ಲೆಯ ಜನ ಮೊದಲೇ ಜಾಗರೂಕರು. ಆದರೆ ಶುದ್ಧ ನೀರಿನ ಘಟಕದಿಂದ ತಂದ ನೀರು ತೊಳೆಯದ ಕ್ಯಾನಿನಲ್ಲಿ ಎರಡು ದಿನ ನಿಂತರೆ ಫ್ಲೋರೈಡ್ ಇಲ್ಲದಿದ್ದರೂ ರೋಗಾಣು ಇರಬಹುದು. ಕಾಯಿಸಿ ಆರಿಸಿದ ನೀರನ್ನು ತೊಳೆದ ಸ್ಟೀಲಿನ ಬಾಟಲಿಗಳಲ್ಲಿ ತುಂಬಿಕೊಳ್ಳಿರಿ. ಅದು ತೀರಿದ ಮೇಲೆ ಮೊಹರು ಒಡೆಯದ ಬಾಟಲಿಯ ನೀರು.

ಎರಡು ಪದಾರ್ಥಗಳನ್ನು ಮಾತ್ರ ಕೈಮುಗಿದು ಬೇಡವೆನ್ನುತ್ತೇನೆ, ಮತ್ತು ಎರಡೂ ನಮ್ಮ ನೆಲದ ಹೆಮ್ಮೆಯ ಬೆಳೆಗಳೇ: ಕಡಲೆಕಾಯಿ ಮತ್ತು ಇಡೀ ದ್ರಾಕ್ಷಿ. ನಾಲ್ಕೈದು ವರ್ಷದವರೆಗಿನ ಮಗುವಿಗೆ ಅರೆಯುವ ದವಡೆಹಲ್ಲು ಬಂದಿದ್ದರೂ ಅಗಿಯುವ ಶಕ್ತಿ ಪೂರ್ಣವಾಗಿ ಕೂಡಿಬಂದಿರುವುದಿಲ್ಲ. ಬಾಯಲ್ಲಿ ಕಡಲೆಬೀಜವಿರುವಾಗಲೇ ರೈಲು ಜಗ್ಗಿದರೆ, ಇಲ್ಲವೆ ಅಣ್ಣ ಕಚಗುಳಿಯಿಟ್ಟು ನಗಿಸಿದರೆ, ಒಳಸೆಳೆದ ಉಸಿರಿನೊಡನೆ ಬೀಜವು ಅನ್ನನಾಳವನ್ನು ಬಿಟ್ಟು ಶ್ವಾಸನಾಳವನ್ನು ಹೊಕ್ಕುಬಿಡುತ್ತದೆ. ದ್ರಾಕ್ಷಿಯಾದರೋ ನುಣುಪಾಗಿ, ಮೆತ್ತಗೆ, ನಾಳದ ಆಕಾರಕ್ಕೇ ಒತ್ತಿಕೊಂಡು ಬಿರಡೆಯಂತೆ ಕೂತುಬಿಡುತ್ತದೆ. ದ್ರಾಕ್ಷಿಯನ್ನು ಕೊಡಲೇಬೇಕೆಂದಿದ್ದರೆ ಉದ್ದುದ್ದನೆ ನಾಲ್ಕಾಗಿ ಸೀಳಿ ಕೊಡಿರಿ. ಕಡಲೆಕಾಯಿಗೆ ಅಂತಹ ಉಪಾಯವಿಲ್ಲ. ಹುರಿದು ಪುಡಿ ಮಾಡಿ ಚಟ್ನಿಯಲ್ಲಿ ಸೇರಿಸಬಹುದಷ್ಟೆ.

ಒಂದು ವೇಳೆ ಸಿಕ್ಕಿಕೊಂಡರೆ: ಮಗು ಜೋರಾಗಿ ಕೆಮ್ಮುತ್ತಿರುವವರೆಗೂ ಕೆಮ್ಮಲು ಬಿಡಿ, ನೀರು ಕುಡಿಸಬೇಡಿ, ಕಾಣದ ವಸ್ತುವಿಗಾಗಿ ಗಂಟಲಿಗೆ ಬೆರಳು ಹಾಕಬೇಡಿ. ದನಿಯೇ ಹೊರಡದಾದರೆ ಮುಂದಕ್ಕೆ ಬಾಗಿಸಿ, ಎರಡು ಹೆಗಲೆಲುಬುಗಳ ನಡುವೆ ಅಂಗೈಬುಡದಿಂದ ಐದು ಸಲ ಬಲವಾಗಿ ಗುದ್ದಬೇಕು. ಆಗಲೂ ಬಾರದಿದ್ದರೆ ಹಿಂದೆ ಮಂಡಿಯೂರಿ, ಹೊಕ್ಕುಳಿನ ಮೇಲೆ, ಪಕ್ಕೆಲುಬುಗಳ ಕೆಳಗೆ ಮುಷ್ಟಿಯಿಟ್ಟು ಒಳಮುಖವಾಗಿ ಮೇಲಕ್ಕೆ ಐದು ಸಲ ಎಳೆಯಬೇಕು. ವರ್ಷ ತುಂಬದ ಕೂಸಿಗೆ ಹೊಟ್ಟೆಯನ್ನು ಒತ್ತದೆ, ಎದೆಯ ನಡುವೆ ಎರಡು ಬೆರಳಿನಿಂದ ಒತ್ತಬೇಕು. ಕೆಮ್ಮು ನಿಂತು ಮಗು ಆಟಕ್ಕೆ ತೊಡಗಿದರೂ ಬೀಜ ಹೊರಬಿದ್ದುದನ್ನು ತಾವು ಕಣ್ಣಾರೆ ಕಂಡಿರದಿದ್ದರೆ, ಇಳಿದ ಊರಿನಲ್ಲಿಯೇ ಆಸ್ಪತ್ರೆಗೆ ತೋರಿಸಿರಿ. ಪುಪ್ಪುಸದ ಕವಲಿನಲ್ಲಿ ಉಳಿದ ಬೀಜ ನೆನೆದು ಊದಿಕೊಂಡು ವಾರಗಳ ಬಳಿಕ ನ್ಯುಮೋನಿಯವಾಗಿ ತೋರುವುದುಂಟು.

ಭೇದಿಗೆ ಓಆರ್‌ಎಸ್ ಪುಡಿಯೇ ಔಷಧ. ೧೯೭೧ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಕೊಡುವ ದ್ರಾವಣ ತೀರಿಹೋದಾಗ, ಡಾಕ್ಟರ್ ದಿಲೀಪ್ ಮಹಲನಬಿಸ್ ಅವರು ಉಪ್ಪು ಸಕ್ಕರೆಗಳ ಈ ನೀರನ್ನು ಡ್ರಮ್ಮುಗಳಲ್ಲಿ ಕಲಸಿಟ್ಟು, ತಾಯಂದಿರ ಕೈಯಲ್ಲಿಯೇ ಮಕ್ಕಳಿಗೆ ಕುಡಿಸಿ ಸಹಸ್ರಾರು ಜೀವಗಳನ್ನು ಉಳಿಸಿದರು. ನಮ್ಮ ದೇಶದ ವೈದ್ಯಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಾಹಸವನ್ನು ನಾನರಿಯೆ. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೆ ಕಲಸಬೇಕು, ಅರ್ಧ ಪೊಟ್ಟಣ ಅಂದಾಜಿನ ನೀರು ಎಂಬ ಲೆಕ್ಕ ಕೂಡದು. ೨೪ ಗಂಟೆ ಕಳೆದ ಮೇಲೆ ಚೆಲ್ಲಬೇಕು. ತಮ್ಮ ಮೊಮ್ಮಕ್ಕಳ ವಯಸ್ಸಿಗೆ ಪ್ರತಿ ಭೇದಿಯ ಬಳಿಕ ಅರ್ಧ ಲೋಟದಿಂದ ಒಂದು ಲೋಟ, ಗುಟುಕು ಗುಟುಕಾಗಿ. ವಾಂತಿಯಾದರೆ ಹತ್ತು ನಿಮಿಷ ತಾಳಿ ಪುನಃ ಚಮಚದಿಂದ ಆರಂಭಿಸಿರಿ. ಕಾಗದದ ಡಬ್ಬಿಗಳಲ್ಲಿ ಬರುವ ಸಿಹಿ ಪಾನೀಯಗಳು ಬಹುಕಾಲ ಓಆರ್‌ಎಸ್ ಎಂಬ ಹೆಸರನ್ನೇ ಹೊತ್ತು ಮಾರಾಟವಾಗುತ್ತಿದ್ದವು. ೨೦೨೫ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಆ ಹೆಸರಿನ ಬಳಕೆಯನ್ನು ನಿಷೇಧಿಸಿತು. ಅವುಗಳಲ್ಲಿನ ಅಧಿಕ ಸಕ್ಕರೆ ಭೇದಿಯನ್ನು ಹೆಚ್ಚಿಸೀತು. ಮಗು ಮಂಕಾದರೆ, ಕಣ್ಣು ಗುಳಿಬಿದ್ದರೆ, ಆರೇಳು ಗಂಟೆ ಮೂತ್ರವಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕಾಶಿಯವರೆಗೆ ಕಾಯಬೇಡಿ, ತಾಯಿ. ವಿಶ್ವನಾಥನ ದರ್ಶನ ಒಂದು ದಿನ ತಡವಾದರೂ ಆದೀತು. ೧೩೯ಕ್ಕೆ ಫೋನು ಮಾಡಿ ಇಲ್ಲವೆ ಟಿಕೆಟ್ ಪರೀಕ್ಷಕರಿಗೆ ತಿಳಿಸಿ, ಮುಂದಿನ ದೊಡ್ಡ ನಿಲ್ದಾಣಕ್ಕೆ ವೈದ್ಯರನ್ನು ಕರೆಯಿಸಿಕೊಳ್ಳಿರಿ.

ಪ್ರಶ್ನೆ: ಏಳು ತಿಂಗಳ ಕೂಸಿನೊಡನೆ ಯಾವ ಬರ್ತು ಕ್ಷೇಮ? ಹಾಲಿನ ವ್ಯವಸ್ಥೆ ಹೇಗೆ? (ಚಿಕ್ಕಬಳ್ಳಾಪುರ)

ಉತ್ತರ: ಕೆಳಗಿನ ಬರ್ತು, ಕೂಸು ಗೋಡೆಯ ಬದಿಗೆ, ತಾವು ಅಂಚಿಗೆ, ಕಂಬಳಿ ಕೂಸಿನ ಎದೆಯಿಂದ ಮೇಲೆ ಬಾರದಿರಲಿ. ಐದು ವರ್ಷದೊಳಗಿನವರಿಗೆ ಟಿಕೆಟಿಲ್ಲದೆ ಪ್ರಯಾಣವುಂಟು, ಆದರೆ ಬರ್ತಿಲ್ಲ. ಕೈಲಾದವರು ಪೂರ್ಣ ದರ ತೆತ್ತು ಇನ್ನೊಂದು ಬರ್ತು ಪಡೆದರೆ ತಾಯಿಗೂ ಬೆನ್ನು ಚಾಚುವ ಅವಕಾಶವಾಗುತ್ತದೆ. ಎದೆಹಾಲಿರುವಾಗ ಬಾಟಲಿ ಬೇಡವೇ ಬೇಡ, ಒಂದು ಸೆರಗು ಸಾಕು. ಪುಡಿಹಾಲನ್ನೇ ಕುಡಿಯುವ ಕೂಸಾದರೆ ಮನೆಯಿಂದ ಕಲಸಿ ಒಯ್ಯದೆ, ಥರ್ಮಾಸಿನ ಬಿಸಿನೀರಿನಲ್ಲಿ ಆಗಿಂದಾಗ ಕಲಸಿ ಆರಿಸಿ ಕುಡಿಸಿ, ಉಳಿದುದನ್ನು ಚೆಲ್ಲಿರಿ. ರಾಗಿ ಸರಿಯ ಪುಡಿಯೂ ಜೊತೆಗಿರಲಿ. ಕಿಟಕಿಯ ತಗಡಿನ ಪಡಿಯನ್ನು ಎತ್ತಿದ ಮೇಲೆ ಕೊಂಡಿ ಬಿದ್ದಿದೆಯೆ ಎಂದು ಕೈಯಿಂದ ಒಮ್ಮೆ ಕೆಳಕ್ಕೆ ಜಗ್ಗಿ ನೋಡಿರಿ: ತೊಡೆಯ ಮೇಲೆ ನಿಂತ ಕೂಸು ಎರಡು ಕೈಗಳನ್ನೂ ಇಡುವುದು ಸರಿಯಾಗಿ ಆ ಚೌಕಟ್ಟಿನ ಮೇಲೆಯೇ. ಬಿಸಿ ಚಹಾ ಹಿಡಿದವರ ತೊಡೆಯ ಮೇಲೆ ಕೂಸು ಇರಕೂಡದು. ಚೆಲ್ಲಿತೆಂದರೆ ಕೂಡಲೇ ಬಟ್ಟೆ ಬಿಡಿಸಿ, ಕೈತೊಳೆಯುವ ನಲ್ಲಿಯ ಕೆಳಗೆ ೨೦ ನಿಮಿಷ ತಣ್ಣೀರು ಹರಿಸಿರಿ. ಟೂತ್‌ಪೇಸ್ಟು, ಶಾಯಿ, ಅರಿಸಿನ, ಮಂಜುಗಡ್ಡೆ ಯಾವುದೂ ಬೇಡ.

ಪ್ರಶ್ನೆ: ನಮ್ಮದು ರೇಷ್ಮೆನೂಲು ತೆಗೆಯುವ ಕಸುಬು. ಒಂಬತ್ತು ವರ್ಷದ ಮಗನಿಗೆ ವೀಸಿಂಗ್ ಇದೆ, ಇನ್ಹೇಲರ್ ಕೊಡುತ್ತೇವೆ. ಎ.ಸಿ. ಬೋಗಿಯಲ್ಲಿ ಕರೆದೊಯ್ಯಬಹುದೆ? (ಶಿಡ್ಲಘಟ್ಟ)

ಉತ್ತರ: ಧಾರಾಳವಾಗಿ. ಗೂಡು ಬೇಯಿಸುವ ಹಬೆ, ಹುಳುವಿನ ದೂಳುಗಳು ಕೆಲವರ ಶ್ವಾಸನಾಳಗಳನ್ನು ಕೆರಳಿಸುತ್ತವಾದ್ದರಿಂದ, ಮನೆಯಿಂದ ದೂರವಿರುವ ನಾಲ್ಕು ದಿನ ಅವನಿಗೆ ಹಿತವಾದರೂ ಆದೀತು. ಹಾಗಾದಲ್ಲಿ ಅದನ್ನು ಬಂದ ಮೇಲೆ ತಮ್ಮ ವೈದ್ಯರಿಗೆ ತಪ್ಪದೆ ಹೇಳಿರಿ. ತಂಪುಗಾಳಿ ನೇರವಾಗಿ ಮುಖಕ್ಕೆ ಬೀಳದಂತೆ ಮಲಗಿಸಿ. ದಿನನಿತ್ಯದ ಔಷಧವನ್ನು ಪಯಣದ ನೆಪದಿಂದ ಒಂದು ಹೊತ್ತೂ ಬಿಡಬೇಡಿ. ಹೊರಡುವ ಮುನ್ನ ಸಾಲ್ಬುಟಮಾಲ್ ಇನ್ಹೇಲರಿನಲ್ಲಿ ಮದ್ದು ಉಳಿದಿದೆಯೆ ಎಂದು ನೋಡಿಕೊಂಡು, ಅದನ್ನು, ಸ್ಪೇಸರಿನೊಡನೆ ಒಂದು ಸಣ್ಣ ಚೀಲದಲ್ಲಿಟ್ಟು, ಆ ಚೀಲವನ್ನು ಸೀಟಿನಡಿಯ ಪೆಟ್ಟಿಗೆಯಲ್ಲಿ ಬೀಗ ಹಾಕಿಡದೆ ಮಗನ ದಿಂಬಿನ ಪಕ್ಕದ ಕೊಕ್ಕೆಗೆ ತಗುಲಿಸಿರಿ. ಅದು ಎಲ್ಲಿದೆಯೆಂಬುದು ಅವನಿಗೂ ಗೊತ್ತಿರಲಿ. ಕತ್ತಲಲ್ಲಿ ಕೈಚಾಚಿ ತೆಗೆಯುವುದನ್ನು ರೈಲು ಹತ್ತಿದೊಡನೆ ಒಂದು ಸಲ ಅವನಿಂದಲೇ ಮಾಡಿಸಿರಿ.