ಅಡ್ವಾನ್ಸ್ ಎಷ್ಟು, ನೀರು ಯಾವುದು?

ನಾನು ಮದ್ದೂರು ತಾಲ್ಲೂಕಿನವನು, ಈಗ ಇರುವುದು ಕೆಂಗೇರಿ ಕಡೆ. ದಲ್ಲಾಳಿಯಲ್ಲ, ಕಮಿಷನ್ ಮುಟ್ಟುವುದಿಲ್ಲ. ಆದರೂ ಊರಿನಲ್ಲಿ ಐಟಿಐ, ನರ್ಸಿಂಗ್, ಡಿಗ್ರಿ ಮುಗಿಸಿದ ಮಕ್ಕಳಿಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತೆಂದರೆ ಅವರ ಅಪ್ಪಂದಿರ ಫೋನು ನನಗೇ ಬರುತ್ತದೆ: "ಅಣ್ಣೋ, ನಮ್ ಐಕ್ಳಿಗೊಂದು ಮನೆ ನೋಡ್ಕೊಡಣ್ಣ, ಸಣ್ಣದಾದ್ರೂ ಪರ್ವಾಗಿಲ್ಲ." ಹೀಗೆ ಮಂಡ್ಯ, ಮದ್ದೂರು, ಮಳವಳ್ಳಿಯ ಹುಡುಗ ಹುಡುಗಿಯರ ಜೊತೆ ಬೀದಿ ಸುತ್ತಿ ತಿಳಿದದ್ದು ಇಷ್ಟು.

1. ಬಾಡಿಗೆ ಕೇಳುವ ಮೊದಲು ಅಡ್ವಾನ್ಸ್ ಕೇಳಿ

ಎಲ್ಲರೂ ಮೊದಲು ಕೇಳುವುದು ಬಾಡಿಗೆ. ಆದರೆ ನಮ್ಮ ಕಡೆಯ ಮನೆಗಳ ಸೊಂಟ ಮುರಿಯುವುದು ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವುದು ಬೆಂಗಳೂರಿನ ಹಳೇ ರೂಢಿ. ಈಗ ಎಷ್ಟೋ ಕಡೆ ಐದಾರು ತಿಂಗಳಿಗೆ ಇಳಿದಿದೆ, ಆದರೂ ಅದು ಸಣ್ಣ ಗಂಟಲ್ಲ. ಊರಿನಲ್ಲಿ ಆ ಗಂಟು ಹುಟ್ಟುವುದು ಎಲ್ಲಿಂದ? ಕಬ್ಬಿನ ಬಿಲ್ಲು, ಚೀಟಿ, ಅವ್ವನ ಒಡವೆ. ಮನೆಗೆ ಹಾಲುಕ್ಕಿಸುವ ದಿನಕ್ಕೆ ಸರಿಯಾಗಿ ಕಬ್ಬಿನ ಬಿಲ್ಲು ಆಗುವುದಿಲ್ಲ. ಹಾಗಾಗಿ ಕೈಸಾಲ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ.

ಆ ಬಡ್ಡಿಯೂ ಬಾಡಿಗೆಯೇ. 10,000 ರೂಪಾಯಿ ಬಾಡಿಗೆ, ಒಂದು ಲಕ್ಷ ಅಡ್ವಾನ್ಸ್ ಇರುವ ಮನೆಗೆ ನೀವು ನಿಜವಾಗಿ ಕಟ್ಟುವುದು ತಿಂಗಳಿಗೆ 12,000. ಪಕ್ಕದ ಬೀದಿಯಲ್ಲಿ 11,000 ಬಾಡಿಗೆ, 40,000 ಅಡ್ವಾನ್ಸ್ ಇರುವ ಮನೆಗೆ 11,800. ದುಬಾರಿ ಅನಿಸಿದ ಮನೆಯೇ ಅಗ್ಗ. ಆದ್ದರಿಂದ ಬಾಡಿಗೆಯಲ್ಲಿ ಐನೂರು ಬಿಡಿಸಲು ಒದ್ದಾಡುವ ಬದಲು ಅಡ್ವಾನ್ಸ್ ಇಳಿಸಲು ಒದ್ದಾಡಿ. ಮನೆ ನೋಡುವಾಗ ಅಪ್ಪನನ್ನೋ ಅವ್ವನನ್ನೋ ಕರೆದುಕೊಂಡು ಹೋಗಿ. ಹಿರಿಯರು ಎದುರು ಕೂತು ಮಾತಾಡಿದ್ದಕ್ಕೆ ಎರಡು ತಿಂಗಳ ಅಡ್ವಾನ್ಸ್ ಇಳಿಸಿದ ಓನರ್‌ಗಳನ್ನು ಕಂಡಿದ್ದೇನೆ.

ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡವೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದಲ್ಲ ಎಂದು ಓದಿಕೊಂಡ ಹುಡುಗರು ವಾದಿಸುತ್ತಾರೆ. ಅದು ಮಾದರಿ ಮಾತ್ರ. ಆಯಾ ರಾಜ್ಯ ಒಪ್ಪಿ ಜಾರಿ ಮಾಡಿದರಷ್ಟೇ ಕಾನೂನು. ಓನರ್ ಮುಂದೆ ಅದನ್ನು ಎತ್ತಿದರೆ ಗೇಟು ಹಾಕಿಕೊಳ್ಳುತ್ತಾನೆ.

2. ಊರಿನ ದಾರಿಯಲ್ಲೇ ಮನೆ ಮಾಡಿ

ಮಂಡ್ಯ, ಮದ್ದೂರಿನವರಿಗೆ ಮೈಸೂರು ರಸ್ತೆ. ಮಳವಳ್ಳಿಯವರಿಗೆ ಹಲಗೂರು, ಕನಕಪುರದ ಮೇಲೆ ಬರುವ ಕನಕಪುರ ರಸ್ತೆ. ಮೊದಲ ವರ್ಷ ವಾರಕ್ಕೋ ಹದಿನೈದು ದಿನಕ್ಕೋ ಊರಿಗೆ ಹೋಗದವರು ಕಡಿಮೆ. ಬರುವಾಗ ರಾಗಿ ಹಿಟ್ಟು, ಅಕ್ಕಿ, ತೆಂಗಿನಕಾಯಿ, ಹುರುಳಿಕಾಳು ಹೊತ್ತು ತರುತ್ತಾರೆ. ಆ ಚೀಲ ಹೊತ್ತು ನಗರ ದಾಟಿ ಇನ್ನೊಂದು ತುದಿಗೆ ಹೋಗಬೇಕಾದರೆ ತರುವುದೇ ನಿಂತುಹೋಗುತ್ತದೆ, ಅಂಗಡಿ ಖರ್ಚು ಏರುತ್ತದೆ. ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ಮದ್ದೂರು, ಮಂಡ್ಯದವರಿಗೆ ಕೆಂಗೇರಿಯಲ್ಲಿ ನಿಲ್ಲುವ ರೈಲುಗಳಿವೆ. ಮಳವಳ್ಳಿಗೆ ರೈಲಿಲ್ಲ, ಬಸ್ಸೇ ಗತಿ. ಬೈಕ್ ನೆಚ್ಚಿಕೊಂಡವರು ನೆನಪಿಡಿ: ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು.

ನೇರಳೆ ಮೆಟ್ರೊ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಓಡುತ್ತಿದೆ. ಹಸಿರು ಮಾರ್ಗ ಕನಕಪುರ ರಸ್ತೆಯ ಸಿಲ್ಕ್ ಇನ್‌ಸ್ಟಿಟ್ಯೂಟ್ ಮುಟ್ಟಿದ್ದು 2021ರಲ್ಲಿ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬಂದ ಮೇಲೆ ಆರ್.ವಿ. ರಸ್ತೆಯಲ್ಲಿ ಬದಲಿಸಿದರೆ ಎಲೆಕ್ಟ್ರಾನಿಕ್ ಸಿಟಿಯೂ ಸಿಗುತ್ತದೆ. ಹಾಗಾಗಿ ಮಳವಳ್ಳಿಯ ಹುಡುಗ ಕೋಣನಕುಂಟೆಯಲ್ಲೋ ತಲಘಟ್ಟಪುರದಲ್ಲೋ ಇದ್ದು ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವುದು ಈಗ ಆಗುವ ಮಾತು. ಕೆಂಗೇರಿಯಿಂದ ದಿನಾ ವೈಟ್‌ಫೀಲ್ಡ್ ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಆ ನೇರಳೆ ಮಾರ್ಗ ಒಟ್ಟು 43 ಕಿಲೋಮೀಟರು, ಸಂಬಳದ ಜೊತೆ ಸಂಜೆಯೂ ಹೋಗುತ್ತದೆ.

3. ನೀರು ಯಾವುದೆಂದು ಓನರ್‌ನನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ

ಬೆಂಗಳೂರು ಕುಡಿಯುವ ಕಾವೇರಿ ನೀರು ಹೊರಡುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ನಗರಕ್ಕೆ 1974ರಲ್ಲಿ ಮೊದಲು ಬಂದ ಈ ನೀರು ಹಂತ ಹಂತವಾಗಿ ಹೆಚ್ಚಿತು. ದಿನಕ್ಕೆ 77.5 ಕೋಟಿ ಲೀಟರ್ ಪಂಪು ಮಾಡುವ ಐದನೇ ಹಂತಕ್ಕೆ 2024ರ ಅಕ್ಟೋಬರ್ 16ರಂದು ಚಾಲನೆ ಕೊಟ್ಟದ್ದೂ ಅಲ್ಲೇ. ಆ ಊರಿನ ಮಗ್ಗುಲಿನ ಹುಡುಗ ಬೆಂಗಳೂರಿನ ಮೂರನೇ ಮಹಡಿಯಲ್ಲಿ ನಿಂತು "ಕಾವೇರಿ ಬತ್ತದಾ ಅಂಕಲ್?" ಎಂದು ಕೇಳುವುದನ್ನು ನೋಡಿದಾಗ ನನಗೆ ನಗು ಬರುತ್ತದೆ, ಸಿಟ್ಟೂ ಬರುತ್ತದೆ.

"ಇಪ್ಪತ್ನಾಲ್ಕು ಗಂಟೆ ನೀರು" ಎಂದು ಓನರ್ ಹೇಳಿದರೆ ಅದು ಬೋರ್‌ವೆಲ್ಲೋ ಟ್ಯಾಂಕರೋ ಇರಬಹುದು. 2024ರ ಮಾರ್ಚ್‌ನಲ್ಲಿ ಬೋರು ಬತ್ತಿದಾಗ ಟ್ಯಾಂಕರ್ ದುಡ್ಡನ್ನು ಬಾಡಿಗೆದಾರರ ಮೇಲೆ ಹಂಚಿದ ಮನೆಗಳು ಎಷ್ಟೋ. ಬೆಳಿಗ್ಗೆ ಏಳಕ್ಕೆ ಹೋಗಿ, ಬಟ್ಟೆ ಒಗೆಯುತ್ತಿರುವ ಪಕ್ಕದ ಮನೆಯ ಅಕ್ಕನನ್ನು ಕೇಳಿ: ಕಾವೇರಿ ವಾರಕ್ಕೆ ಎಷ್ಟು ದಿನ, ಬೇಸಿಗೆಯಲ್ಲಿ ಹೇಗೆ, ಟ್ಯಾಂಕರ್ ಬಂದರೆ ದುಡ್ಡು ಯಾರದು. ಬಚ್ಚಲಿನ ನಲ್ಲಿಯ ಬಾಯಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ ಅದು ಗಡಸು ನೀರು, ಕುಡಿಯುವ ನೀರಿನ ಕ್ಯಾನು ಖರ್ಚಿಗೆ ಸೇರಿಸಿಕೊಳ್ಳಿ.

4. ಜಾತಿ ಕೇಳುತ್ತಾರೆ

ಬಾಡಿಗೆ ಮನೆಯ ಮಾತಿನಲ್ಲಿ ಇದನ್ನು ಬಿಟ್ಟು ಬರೆಯುವುದು ಅಪ್ರಾಮಾಣಿಕ. "ನೀವು ಯಾವ ಜನ?" ಎಂದು ನೇರವಾಗಿ, ಇಲ್ಲವೇ "ನಾನ್‌ವೆಜ್ ಮಾಡ್ತೀರಾ?" ಎಂದು ಸುತ್ತಿ ಬಳಸಿ ಕೇಳುತ್ತಾರೆ. ನಾಟಿಕೋಳಿ ಸಾರು, ಮುದ್ದೆ ತಿನ್ನುವ ನಮ್ಮವರಿಗೆ ಎರಡನೇ ಪ್ರಶ್ನೆಯೇ ಕಷ್ಟ. ಮೊದಲ ಪ್ರಶ್ನೆಯಿಂದ ಹೆಚ್ಚು ನೋಯುವವರು ದಲಿತರು, ಮುಸ್ಲಿಮರು. ಅಡ್ವಾನ್ಸ್ ಮಾತಾಗಿ ಕೀಲಿಕೈ ಕೊಡುವ ಹೊತ್ತಿಗೆ "ಅಳಿಯ ಬರ್ತಾನಂತೆ, ಮನೆ ಬೇಕು" ಎಂದವರಿದ್ದಾರೆ. ಹಾಗೆ ಕೇಳುವವರಲ್ಲಿ ನಮ್ಮ ಜಿಲ್ಲೆಯಿಂದಲೇ ಹೋಗಿ ಮನೆ ಕಟ್ಟಿಸಿದವರೂ ಸೇರಿದ್ದಾರೆ, ಅದು ಇನ್ನೂ ಬೇಸರ.

ಸುಳ್ಳು ಹೇಳಿ ಸೇರಿಕೊಳ್ಳಬೇಡಿ ಎನ್ನುತ್ತೇನೆ. ಕೇಳಿದವನು ನಾಚಬೇಕಾದ ವಿಷಯಕ್ಕೆ ನೀವು ವರ್ಷವಿಡೀ ಹೆದರಿಕೊಂಡು ಬದುಕಬೇಕಾಗುತ್ತದೆ. ಓನರ್ ಅದೇ ಕಟ್ಟಡದಲ್ಲಿ ಇಲ್ಲದ ಮನೆಗಳನ್ನು ಹುಡುಕಿ. ಅಲ್ಲಿ ಕೇಳುವುದು ಬಾಡಿಗೆ ತಾರೀಕು ಮಾತ್ರ.

5. ಕರಾರು ಓದಿ ಸಹಿ ಹಾಕಿ

ಕರಾರು ಸಾಮಾನ್ಯವಾಗಿ 11 ತಿಂಗಳದ್ದು, ಏಕೆಂದರೆ ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಬೇಕು. ಅದರಲ್ಲಿ ಮೂರು ಸಾಲು ಹುಡುಕಿ: ಖಾಲಿ ಮಾಡುವಾಗ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಬಾಡಿಗೆ ಎಷ್ಟು ಏರುತ್ತದೆ, ಅಡ್ವಾನ್ಸ್ ಯಾವಾಗ ವಾಪಸ್. ಮೂರನೆಯದು ಬರೆದಿರದಿದ್ದರೆ ಬರೆಸಿ. ಅಡ್ವಾನ್ಸನ್ನು ಬ್ಯಾಂಕಿನ ಮೂಲಕವೇ ಕೊಡಿ.

ಮನೆಗೆ ಪ್ರತ್ಯೇಕ ವಿದ್ಯುತ್ ಮೀಟರು, ಆರ್‌ಆರ್ ನಂಬರು ಇದೆಯೇ ನೋಡಿ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಹಿಂದಿದ್ದವರ ಆಧಾರ್ ಆ ನಂಬರಿನಿಂದ ಬಿಡಿಸಿರಬೇಕು. ಸಬ್ ಮೀಟರ್ ಇಟ್ಟು ಯೂನಿಟ್ಟಿಗೆ ಇಷ್ಟೆಂದು ವಸೂಲಿ ಮಾಡುವ ಮನೆಯಲ್ಲಿ ಆ ಲಾಭ ನಿಮಗಿಲ್ಲ.

6. ಮೊದಲ ಮನೆಗೆ ಭೋಗ್ಯ ಬೇಡ

"ಐದಾರು ಲಕ್ಷ ಕೊಡಿ, ಬಾಡಿಗೆ ಇಲ್ಲ, ಹೋಗುವಾಗ ದುಡ್ಡು ಪೂರಾ ವಾಪಸ್" ಎನ್ನುವ ಭೋಗ್ಯ, ಅಂದರೆ ಲೀಸ್, ಊರಿನಲ್ಲಿ ತುಂಡು ಜಮೀನು ಮಾರಿದವರನ್ನು ಸೆಳೆಯುತ್ತದೆ. ಓನರ್ ಬ್ಯಾಂಕ್ ಸಾಲ ಕಟ್ಟದೆ ಮನೆ ಹರಾಜಿಗೆ ಬಂದರೆ ನಿಮ್ಮ ಗಂಟು ಹಿಂದೆ ಬಿಡಿಸಿಕೊಳ್ಳಲು ವರ್ಷಗಟ್ಟಲೆ ಅಲೆಯಬೇಕು. ಲೀಸ್ ಮಾಡಿಸುವವನೇ ಓನರ್ ಅಲ್ಲದ ಮೋಸಗಳೂ ನಡೆದಿವೆ. ಮಾಡಲೇಬೇಕೆಂದರೆ ಋಣಭಾರ ಪತ್ರ ತೆಗೆಸಿ, ಲೀಸ್ ಪತ್ರ ನೋಂದಣಿ ಮಾಡಿಸಿ. ಅದಕ್ಕೆ ಓನರ್ ಒಪ್ಪದಿದ್ದರೆ ಎದ್ದು ಬನ್ನಿ.

7. ಮನೆ ನೋಡದೆ ಟೋಕನ್ ಕಳಿಸಬೇಡಿ

ಮೊಬೈಲಿನ ಫೋಟೋ ನೋಡಿ ಒಂದು ರೂಪಾಯಿಯನ್ನೂ ಕಳಿಸಬೇಡಿ. ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ ಕೊಡುವ ವಾಡಿಕೆ ಇದೆ. ಕರಾರು ಕೈಗೆ ಬಂದ ಮೇಲೆ ಕೊಡಿ.

8. ಮೂರು ತಿಂಗಳು ಮನೆಯೇ ಬೇಡ

ಹೊಸ ಕೆಲಸ ನಿಲ್ಲುತ್ತದೋ ಇಲ್ಲವೋ ಯಾರಿಗೆ ಗೊತ್ತು? ಅಲ್ಲಿವರೆಗೆ ಪಿ.ಜಿ., ನೆಂಟರ ಮನೆ, ಇಲ್ಲವೇ ಸೀಸನ್ ಪಾಸ್ ಮಾಡಿಸಿ ರೈಲು. ಮದ್ದೂರು, ಮಂಡ್ಯದಿಂದ ದಿನಾ ಬೆಂಗಳೂರಿಗೆ ಓಡಾಡಿ ಕೆಲಸ ಮಾಡುವವರು ಬಹಳ ಜನ. ಬಾಡಿಗೆ ಯಾವ ಬಡಾವಣೆಯಲ್ಲಿ ಹೇಗಿದೆ ಎನ್ನುವುದು ಅದೇ ಬೋಗಿಯಲ್ಲಿ ಪುಕ್ಕಟೆ ತಿಳಿಯುತ್ತದೆ.

ಕೊನೆಯ ಮಾತು ಬೆಂಗಳೂರಿನಲ್ಲಿ ಸ್ವಂತ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿರುವ ನಮ್ಮ ಜಿಲ್ಲೆಯವರಿಗೆ. ಊರಿನ ಮಕ್ಕಳು ಬಂದು ಬಾಗಿಲು ತಟ್ಟಿದರೆ ಜಾತಿ ಕೇಳಬೇಡಿ, ಅಡ್ವಾನ್ಸ್ ಮೂರು ತಿಂಗಳಿಗೆ ಇಳಿಸಿ, ಖಾಲಿ ಮಾಡಿದ ದಿನವೇ ದುಡ್ಡು ವಾಪಸ್ ಕೊಡಿ.