ನಿಲ್ಲದ ಗುಳ್ಳೆ

ಹಾಸನದ ಓದುಗರೊಬ್ಬರು ಕೈಪಂಪು ತಂದು, ಅಂಗಳದಲ್ಲೇ ಕಾರಿನ ಬ್ರೇಕಿನಿಂದ ಗಾಳಿ ತೆಗೆಯಲು ಕೂತಿದ್ದಾರೆ. ಅರ್ಧ ಬಾಟಲಿ ಬ್ರೇಕ್ ಆಯಿಲ್ ಮುಗಿದರೂ ಪೈಪಿನಲ್ಲಿ ಗುಳ್ಳೆ ನಿಂತಿಲ್ಲ; ಪೆಡಲ್ ಮಾತ್ರ ಗಟ್ಟಿಯಾಗಿದೆ. ಗಾಳಿ ಎಲ್ಲಿಂದ ಬರುತ್ತಿದೆ ಎಂಬುದು ಅವರ ಪ್ರಶ್ನೆ.

ಬಹುತೇಕ ಹೊರಗಿನಿಂದಲೇ. ಬ್ಲೀಡರ್ ಸ್ಕ್ರೂ ಸಡಿಲಿಸಿದಾಗ ಅದರ ಥ್ರೆಡ್ ಸಂದಿಯಿಂದಲೂ ಪಂಪು ಗಾಳಿ ಎಳೆಯುತ್ತದೆ. ಸಾಸಿವೆಯಷ್ಟು ಸಣ್ಣಗೆ, ಒಂದೇ ಸಮನೆ ಸಾಲುಗಟ್ಟಿ ಬರುವ ಗುಳ್ಳೆಗಳನ್ನು ಕಂಡರೆ ಸಾಮಾನ್ಯವಾಗಿ ಇದೇ ಕಾರಣ. ಒಳಗೆ ಸಿಕ್ಕಿಕೊಂಡ ಗಾಳಿ ದಪ್ಪ ಗುಳ್ಳೆಯಾಗಿ ತಡೆದು ತಡೆದು ಬರುತ್ತದೆ. ಸ್ಕ್ರೂ ಬುಡಕ್ಕೆ ಹೊರಗಿನಿಂದ ಸಿಲಿಕೋನ್ ಗ್ರೀಸ್ ಮೆತ್ತಿ, ಕಾಲು ಸುತ್ತಿನಷ್ಟೇ ತೆರೆದರೆ ಈ ಮೋಸ ಬಹಳಷ್ಟು ತಗ್ಗುತ್ತದೆ. ಪೆಟ್ರೋಲಿಯಂ ಗ್ರೀಸ್ ಬೇಡವೇ ಬೇಡ. ಅದು ತಗುಲಿದ ರಬ್ಬರ್ ಸೀಲು ಉಬ್ಬುತ್ತದೆ.

ಪಂಪಿನ ನಿರ್ವಾತ ಬಿಡುವ ಮೊದಲೇ ಸ್ಕ್ರೂ ಮುಚ್ಚಬೇಕು. ಗುಳ್ಳೆ ನೋಡುವ ಭರದಲ್ಲಿ ಬಾನೆಟ್ಟಿನಡಿಯ ಬ್ರೇಕ್ ಆಯಿಲ್ ಡಬ್ಬಿಯನ್ನು ಮರೆಯುವವರೇ ಹೆಚ್ಚು. ಅದು ಬರಿದಾದರೆ ಮಾಸ್ಟರ್ ಸಿಲಿಂಡರಿಗೇ ಗಾಳಿ ಹೊಕ್ಕು, ಮಾಡಿದ್ದೆಲ್ಲ ಮೊದಲಿಂದ.

ಬಳಸುವುದು ಆ ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯ ಆಯಿಲ್ ಮಾತ್ರ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಹಾಗಾಗಿ ವರ್ಷದ ಹಿಂದೆ ತೆರೆದಿಟ್ಟ ಬಾಟಲಿ ಶಿರಾಡಿ ಘಾಟಿಯ ಇಳಿಜಾರಿಗೆ ಆಗದು.

ಕೊನೆಗೆ, ಎಂಜಿನ್ ಚಾಲೂ ಮಾಡಿ ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿಯಲಿ. ಮೆಲ್ಲಗೆ ಕುಸಿಯುತ್ತಾ ಹೋದರೆ ಕಾರು ಗೇಟು ದಾಟುವುದು ಬೇಡ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸುವುದು ಒಳ್ಳೆಯದು.