ಸಿಹಿ ದ್ರಾಕ್ಷಿ ಫೇಲಾದದ್ದು ಯಾಕೆ?



ಹೋದ ವರ್ಷ ಮಾರ್ಚ್ ತಿಂಗಳಲ್ಲಿ ನಮ್ಮ ಒಂಬತ್ತನೇ ತರಗತಿಯ ಹುಡುಗನೊಬ್ಬ ಎರಡು ದಿನ ಶಾಲೆಗೆ ಬಂದಿರಲಿಲ್ಲ. ಮೂರನೇ ದಿನ ಬಂದವನು ಪಾಠ ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ನಿಂತ. "ಸರ್, ನಮ್ಮ ಮಾಲು ಪಾಸ್ ಆಗ್ಲಿಲ್ರಿ. ಮಣಿ ದಪ್ಪ ಇದ್ವು, ಸಕ್ಕರಿ ಹಂಗ ಸಿಹಿ ಇದ್ವು. ಹೊರದೇಶಕ್ಕ ಹೋಗೂದು ಕ್ಯಾನ್ಸಲ್ ಆಗಿ, ಇಲ್ಲೇ ಸಿಕ್ಕ ರೇಟಿಗೆ ಕೊಟ್ವಿ. ದ್ರಾಕ್ಷಿ ಚಲೋ ಇದ್ರೂ ಫೇಲ್ ಹೆಂಗಾಗ್ತದ್ರಿ?"

ಜತ್ತ ಭಾಗದಲ್ಲಿರುವ ನಮಗೆಲ್ಲ ಇದು ಮನೆಯ ಪ್ರಶ್ನೆಯೇ. ಟ್ಯಾಂಕರ್ ನೀರು ಹಾಕಿ, ಸಾಲ ಮಾಡಿ ಬಾಗ ಬೆಳೆಸಿದ ಮನೆಗಳು ಪ್ರತಿ ಊರಿನಲ್ಲೂ ಇವೆ. ಅವನ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಗಣಿತ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸಿಗುತ್ತವೆ.

ಕಣ್ಣಿಗೆ ಕಾಣದ ಲೆಕ್ಕ

ಬೆಳೆಗೆ ಔಷಧ ಹೊಡೆದ ಮೇಲೆ ಹಣ್ಣಿನ ಮೇಲೆ ಅಥವಾ ಒಳಗೆ ಉಳಿಯುವ ಅಂಶಕ್ಕೆ ಶೇಷಾಂಶ ಎನ್ನುತ್ತಾರೆ. ಯಾವ ಔಷಧ ಯಾವ ಹಣ್ಣಿನಲ್ಲಿ ಎಷ್ಟರವರೆಗೆ ಇರಬಹುದು ಎಂದು ಬಹಳಷ್ಟು ದೇಶಗಳು ಕಾನೂನಿನಲ್ಲಿ ಬರೆದಿಟ್ಟಿರುತ್ತವೆ. ಅದೇ ಗರಿಷ್ಠ ಶೇಷಾಂಶ ಮಿತಿ. ವ್ಯಾಪಾರಿಗಳ ಬಾಯಲ್ಲಿ 'ಎಂ.ಆರ್.ಎಲ್.'

ಈ ಮಿತಿಯನ್ನು ಒಂದು ಕಿಲೋ ಹಣ್ಣಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುತ್ತಾರೆ. 1 ಕಿಲೋ ಎಂದರೆ 10 ಲಕ್ಷ ಮಿಲಿಗ್ರಾಂ. ಹಾಗಾಗಿ ಕಿಲೋಗೆ 1 ಮಿಲಿಗ್ರಾಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು. ಮಿತಿ 0.05 ಮಿಲಿಗ್ರಾಂ ಇದ್ದರೆ ಒಂದು ಟನ್ ದ್ರಾಕ್ಷಿಯಲ್ಲಿ ಒಟ್ಟು 50 ಮಿಲಿಗ್ರಾಂ ಮಾತ್ರ ಇರಬಹುದು. ಒಂದು ಎಳ್ಳುಕಾಳು ಸುಮಾರು 3 ಮಿಲಿಗ್ರಾಂ ತೂಗುತ್ತದೆ. ಅಂದರೆ ಒಂದು ಟನ್ ಹಣ್ಣಿಗೆ ಹದಿನಾರು-ಹದಿನೇಳು ಎಳ್ಳುಕಾಳಿನ ತೂಕದಷ್ಟು ಔಷಧ! ಇಷ್ಟು ಚೂರು ನಾಲಿಗೆಗೆ ತಿಳಿಯುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ. ಪ್ರಯೋಗಾಲಯದ ಯಂತ್ರ ಮಾತ್ರ ಹಿಡಿಯುತ್ತದೆ. ಸಿಹಿ ಇದ್ದ ದ್ರಾಕ್ಷಿ ಫೇಲಾಗುವುದು ಹೀಗೆ.

ಕಾಯುವ ದಿನಗಳು

ಔಷಧದ ಡಬ್ಬಿಯ ಚೀಟಿಯ ಮೇಲೆ 'ಕೊನೆಯ ಸಿಂಪಡಣೆಯಿಂದ ಕೊಯ್ಲಿನವರೆಗೆ ಇಷ್ಟು ದಿನ' ಎಂದು ಬರೆದಿರುತ್ತದೆ. ಇದೇ ಕಾಯುವ ಅವಧಿ. ಇದರ ಹಿಂದೆ ಅರ್ಧಾಯುವಿನ ನಿಯಮವಿದೆ.

ಬಿಸಿಲಿಗೆ, ನೀರಿಗೆ, ಗಿಡದೊಳಗಿನ ಕಿಣ್ವಗಳಿಗೆ ಸಿಕ್ಕಿ ಔಷಧದ ಅಣುಗಳು ಒಡೆಯುತ್ತ ಹೋಗುತ್ತವೆ. ಒಂದು ಔಷಧದ ಅರ್ಧಾಯು 5 ದಿನ ಎಂದು ಇಟ್ಟುಕೊಳ್ಳೋಣ. ಹೊಡೆದ ದಿನ ಹಣ್ಣಿನಲ್ಲಿ ಕಿಲೋಗೆ 0.8 ಮಿಲಿಗ್ರಾಂ ಇತ್ತು. 5ನೇ ದಿನ 0.4, 10ನೇ ದಿನ 0.2, 15ನೇ ದಿನ 0.1, 20ನೇ ದಿನ 0.05. ಮಿತಿ 0.05 ಆಗಿದ್ದರೆ 20 ದಿನ ಕಾಯಲೇಬೇಕು. 'ಗಿರಾಕಿ ಬಂದಾನ, ನಾಳೆನೇ ಕಡೀರಿ' ಎಂದು 10ನೇ ದಿನಕ್ಕೆ ಕೊಯ್ದರೆ ಮಿತಿಯ ನಾಲ್ಕು ಪಟ್ಟು ಶೇಷಾಂಶ ಇರುತ್ತದೆ.

ತೊಳೆದರೆ ಹೋಗುವುದಿಲ್ಲವೇ? ಸಿಪ್ಪೆಯ ಮೇಲಿರುವುದು ಸ್ವಲ್ಪ ಹೋಗುತ್ತದೆ. ಆದರೆ ಕೆಲವು ಔಷಧಗಳು ಎಲೆಯಿಂದ ಒಳಗೆ ಇಳಿದು ಗಿಡದ ರಸದ ಜೊತೆ ಓಡಾಡುತ್ತವೆ. ಇವನ್ನು ಅಂತರ್ವ್ಯಾಪಿ ಔಷಧಗಳು ಎನ್ನುತ್ತಾರೆ. ಒಳಗೆ ಇಳಿದದ್ದು ನಲ್ಲಿ ನೀರಿಗೆ ಸಿಗುವುದಿಲ್ಲ.

ಇನ್ನೊಂದು ಮಾತು. ಸುಮಾರು 4 ಕಿಲೋ ದ್ರಾಕ್ಷಿ ಒಣಗಿಸಿದರೆ 1 ಕಿಲೋ ಒಣದ್ರಾಕ್ಷಿ ಆಗುತ್ತದೆ. ನೀರು ಆವಿಯಾಗಿ ಹೋಯಿತು, ಶೇಷಾಂಶ ಅದರ ಜೊತೆ ಹಾರಿಹೋಗಲಿಲ್ಲ. ಒಣಗುವಾಗ ಅದು ಒಡೆಯದೆ ಉಳಿದರೆ ಕಿಲೋಗೆ 0.05 ಇದ್ದದ್ದು 0.2 ಆಗುತ್ತದೆ. 'ಎಕ್ಸ್‌ಪೋರ್ಟಿಗೆ ಆಗದಿದ್ದರ ಒಣಗಿಸಿಬಿಡೂನು' ಎನ್ನುವ ಮುಂಚೆ ಈ ಲೆಕ್ಕ ನೆನಪಿರಲಿ. ಒಣದ್ರಾಕ್ಷಿಯನ್ನು ಮಕ್ಕಳೂ ತಿನ್ನುತ್ತಾರೆ.

2010ರ ಪಾಠ

2010ರ ಹಂಗಾಮಿನಲ್ಲಿ ಭಾರತದಿಂದ ಯುರೋಪಿಗೆ ಹೋದ ದ್ರಾಕ್ಷಿಗೆ ದೊಡ್ಡ ಪೆಟ್ಟು ಬಿತ್ತು. ಅದರಲ್ಲಿ ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಮಿತಿಗಿಂತ ಹೆಚ್ಚು ಸಿಕ್ಕಿತು. ನಮ್ಮ ರೈತರು 'ಸಿ.ಸಿ.ಸಿ.' ಎನ್ನುವುದು ಇದನ್ನೇ. ಆಗ ಅಲ್ಲಿನ ಮಿತಿ ಕಿಲೋಗೆ 0.05 ಮಿಲಿಗ್ರಾಂ ಇತ್ತು.

ಇದು ಕೀಟನಾಶಕ ಅಲ್ಲ, ಬೆಳವಣಿಗೆ ತಡೆಯುವ ರಾಸಾಯನಿಕ. ಸಸ್ಯ ಹಾರ್ಮೋನುಗಳ ಪಾಠದಲ್ಲಿ ಜಿಬ್ಬರೆಲಿನ್ ಓದಿದ್ದೀರಿ. ಕಾಂಡ ಉದ್ದವಾಗುವುದು ಅದರಿಂದ. ಸಿ.ಸಿ.ಸಿ. ಗಿಡದೊಳಗೆ ಜಿಬ್ಬರೆಲಿನ್ ತಯಾರಾಗುವುದನ್ನೇ ತಡೆಯುತ್ತದೆ. ಎಪ್ರಿಲ್ ಛಾಟಣಿ ಆದ ಮೇಲೆ ಚಿಗುರಿನ ಓಟ ನಿಂತು, ಗೊನೆ ಬಿಡುವ ಕಣ್ಣುಗಳು ಬಲಿಯಲಿ ಎಂದು ರೈತರು ಇದನ್ನು ಬಳಸುತ್ತಿದ್ದರು. ಎಪ್ರಿಲ್-ಮೇದಲ್ಲಿ ಹೊಡೆದದ್ದು ಫೆಬ್ರವರಿ ಹಣ್ಣಿಗೆ ಯಾಕೆ ಬರುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಅದು ಬಳ್ಳಿಯೊಳಗೆ ಉಳಿದು ಹಣ್ಣಿಗೆ ಸಾಗಬಲ್ಲದು. ಮೇಲೆ ಮಾಡಿದ 20 ದಿನದ ಲೆಕ್ಕ ಎಲ್ಲ ಔಷಧಕ್ಕೂ ಒಂದೇ ಅಲ್ಲ.

ಇಲ್ಲಿ ಗಮನಿಸಬೇಕಾದದ್ದು ಮತ್ತೊಂದಿದೆ. ದ್ರಾಕ್ಷಿಯನ್ನು ಇಲ್ಲಿ ಪರೀಕ್ಷೆ ಮಾಡದೆ ಕಳಿಸಿರಲಿಲ್ಲ. ರಫ್ತು ದ್ರಾಕ್ಷಿಗಾಗಿ 'ಅಪೆಡಾ' ಸಂಸ್ಥೆ ಗ್ರೇಪ್‌ನೆಟ್ ಎಂಬ ವ್ಯವಸ್ಥೆ ಮಾಡಿದೆ. ಅದರಲ್ಲಿ ಪ್ರತಿ ತೋಟಕ್ಕೆ ನೋಂದಣಿ ಇರುತ್ತದೆ, ಪೆಟ್ಟಿಗೆಯಿಂದ ತೋಟದವರೆಗೆ ಜಾಡು ಹಿಡಿಯಬಹುದು. ಆದರೆ ಅಂದು ಪರೀಕ್ಷಿಸಬೇಕಾದ ರಾಸಾಯನಿಕಗಳ ಪಟ್ಟಿಯಲ್ಲಿ ಸಿ.ಸಿ.ಸಿ. ಇರಲಿಲ್ಲ. ಆಮೇಲೆ ಸೇರಿಸಿದರು. ಪ್ರಯೋಗಾಲಯ ಹುಡುಕಿದ್ದನ್ನು ಮಾತ್ರ ಕಾಣುತ್ತದೆ. ಹುಡುಕದೇ ಇದ್ದದ್ದು 'ಇಲ್ಲ' ಎಂದು ಅರ್ಥವಲ್ಲ. ಏನು ಹುಡುಕಬೇಕು ಎಂದು ತಿಳಿಯಬೇಕಾದರೆ ತೋಟದಲ್ಲಿ ಏನು ಹೊಡೆದರು ಎಂಬುದು ಬರೆದಿರಬೇಕು.

ಪ್ರಮಾಣಪತ್ರ ಏನನ್ನು ಕೇಳುತ್ತದೆ?

ಇದಕ್ಕಾಗಿಯೇ ಉತ್ತಮ ಕೃಷಿ ಪದ್ಧತಿಯ ಪ್ರಮಾಣಪತ್ರಗಳು ಹುಟ್ಟಿದವು. 1997ರಲ್ಲಿ ಯುರೋಪಿನ ಚಿಲ್ಲರೆ ಮಾರಾಟಗಾರರು 'ಯುರೆಪ್‌ಗ್ಯಾಪ್' ಶುರು ಮಾಡಿದರು. 2007ರಲ್ಲಿ ಅದರ ಹೆಸರು 'ಗ್ಲೋಬಲ್‌ಗ್ಯಾಪ್' ಆಯಿತು. ನಮ್ಮ ದೇಶಕ್ಕೆ ಹೊಂದುವಂತೆ 'ಇಂಡ್‌ಗ್ಯಾಪ್' ಇದೆ. ಬೇರೆ ಸಂಸ್ಥೆಯ ತಪಾಸಣಾಧಿಕಾರಿ ತೋಟಕ್ಕೆ ಬಂದು ನೋಡುತ್ತಾರೆ. ಕೆಲವು ಅಂಶಗಳು ಪೂರ್ತಿ ಕಡ್ಡಾಯ, ಒಂದು ತಪ್ಪಿದರೂ ಪ್ರಮಾಣಪತ್ರ ಸಿಗುವುದಿಲ್ಲ.

ಅವರು ಕೇಳುವುದು ಸಾಮಾನ್ಯವಾಗಿ ಇಂಥವು: ಸಿಂಪಡಣೆಯ ದಿನ, ಔಷಧದ ಹೆಸರು, ಪ್ರಮಾಣ, ಹೊಡೆದವರ ಹೆಸರು ಬರೆದ ವಹಿ. ಔಷಧ ಇಡಲು ಬೀಗವಿರುವ ಪ್ರತ್ಯೇಕ ಜಾಗ. ಹೊಡೆಯುವವರಿಗೆ ಕೈಗವಸು, ಮುಖಗವಸು ಮತ್ತು ತರಬೇತಿ. ಕೂಲಿಯವರಿಗೆ ಶೌಚಾಲಯ, ಕೈತೊಳೆಯಲು ನೀರು. ಮಣ್ಣು, ನೀರಿನ ಪರೀಕ್ಷೆ. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಪಂಪಿಗೇ ಹಾಕಿ, ಡಬ್ಬಿಗೆ ತೂತು ಮಾಡಿಡುವುದು. ನೋಡಿ, ಇದರಲ್ಲಿ ತಿನ್ನುವವರ ಕಾಳಜಿಯ ಜೊತೆ ಔಷಧ ಹೊಡೆಯುವ ನಿಮ್ಮ ಅಪ್ಪ, ಕಾಕಾನ ಕಾಳಜಿಯೂ ಇದೆ.

ಇದು ಸಾವಯವ ಪ್ರಮಾಣಪತ್ರ ಅಲ್ಲ, ಗೊಂದಲ ಬೇಡ. ಇಲ್ಲಿ ರಾಸಾಯನಿಕ ಬಳಸಬಹುದು, ನಿಯಮದ ಒಳಗೆ. ಸಾವಯವದಲ್ಲಿ ಕೃತಕ ರಾಸಾಯನಿಕ ಔಷಧ, ಗೊಬ್ಬರ ಬಳಸುವಂತಿಲ್ಲ. ದ್ರಾಕ್ಷಿಯಂಥ ಬಹುವಾರ್ಷಿಕ ಬೆಳೆ ಸಾವಯವಕ್ಕೆ ಬದಲಾಗಲು ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಕಾರ 3 ವರ್ಷ ಬೇಕು. ಸಣ್ಣ ರೈತರಿಗೆ 'ಪಿ.ಜಿ.ಎಸ್.' ಎಂಬ ದಾರಿಯೂ ಇದೆ. ಅದರಲ್ಲಿ ಕನಿಷ್ಠ 5 ರೈತರು ಗುಂಪು ಕಟ್ಟಿ ಒಬ್ಬರ ಹೊಲವನ್ನು ಒಬ್ಬರು ತಪಾಸಣೆ ಮಾಡುತ್ತಾರೆ.

ಡಬ್ಬಿಯ ತ್ರಿಕೋನ

ಔಷಧದ ಡಬ್ಬಿಯ ಮೇಲಿನ ಬಣ್ಣದ ತ್ರಿಕೋನ ವಿಷದ ತೀವ್ರತೆ ಹೇಳುತ್ತದೆ. ಕೆಂಪು ಅತಿ ಹೆಚ್ಚು, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ತ್ರಿಕೋನ ಕಂಡು 'ಇದು ಸಾವಯವ, ಏನೂ ಆಗಲ್ಲ' ಎಂದುಕೊಳ್ಳಬೇಡಿ. ಅದೂ ವಿಷವೇ, ತೀವ್ರತೆ ಕಡಿಮೆ ಅಷ್ಟೆ. ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದು ನಿಜವಾದ ರಾಸಾಯನಿಕ. ಎರಡು ಬೇರೆ ಹೆಸರಿನ ಡಬ್ಬಿಯಲ್ಲಿ ಒಂದೇ ರಾಸಾಯನಿಕ ಇರಬಹುದು. ಎರಡನ್ನೂ ಹೊಡೆದರೆ ಪ್ರಮಾಣ ಇಮ್ಮಡಿ ಆದ ಹಾಗೆ.

ಆ ಹುಡುಗನ ಮನೆಗೆ ನಾನು ಹೋಗಿದ್ದೆ. ಯಾವ ಔಷಧ ಯಾವಾಗ ಹೊಡೆದದ್ದು ಎಂದು ಕೇಳಿದಾಗ ಅವರ ಅಪ್ಪ ಬಹಳ ಹೊತ್ತು ಯೋಚಿಸಿದರು. "ಮಾಡ ಹಾಕಿತ್ತಲ್ರಿ, ಆವಾಗ ಒಂದ್ ಸರ್ತಿ ಹೊಡದೀವಿ. ತಾರೀಖು ನೆನಪಿಲ್ರಿ" ಎಂದರು. ಎಲ್ಲೂ ಬರೆದಿರಲಿಲ್ಲ. ಈ ವರ್ಷ ಗೋಡೆಗೆ ಒಂದು ವಹಿ ತೂಗುಹಾಕಿದ್ದಾರೆ. ಬರೆಯುವವನು ಮಗ. ಡಬ್ಬಿಯ ಚೀಟಿ ಓದಿ 'ಇನ್ನ ಎಂಟ್ ದಿನ ಕಡಿಯಾಂಗಿಲ್ಲ' ಎಂದು ಅಪ್ಪನಿಗೆ ಹೇಳುವವನೂ ಅವನೇ. ಈ ಸಲದ ಮಾಲು ಇನ್ನೂ ಬಳ್ಳಿಯಲ್ಲೇ ಇದೆ.

ಮಾಡಿ ನೋಡಿ

1. 1000 ಎಳ್ಳುಕಾಳು ಎಣಿಸಿ ಶಾಲೆಯ ತಕ್ಕಡಿಯಲ್ಲಿ ತೂಗಿರಿ. ಒಂದು ಕಾಳಿನ ತೂಕ ಎಷ್ಟು ಮಿಲಿಗ್ರಾಂ?

2. ಚೌಕಾಬಾರಕ್ಕೆ ಬಳಸುವ ಹಾಗೆ 64 ಹುಣಸೆಬೀಜಗಳನ್ನು ಒಂದು ಬದಿ ಬಿಳಿ ಕಾಣುವಂತೆ ತಿಕ್ಕಿಕೊಳ್ಳಿ. ಎಲ್ಲ ಬೀಜ ಚೆಲ್ಲಿ, ಬಿಳಿ ಬದಿ ಮೇಲೆ ಬಿದ್ದವನ್ನು ತೆಗೆಯಿರಿ. ಉಳಿದವನ್ನು ಮತ್ತೆ ಚೆಲ್ಲಿರಿ. ಪ್ರತಿ ಸಲ ಉಳಿದ ಬೀಜಗಳ ಸಂಖ್ಯೆ ಬರೆದು ನಕ್ಷೆ ಎಳೆಯಿರಿ. ಒಂದು ಸಲ ಚೆಲ್ಲುವುದು ಒಂದು ಅರ್ಧಾಯು.

3. ಮನೆಯಲ್ಲಿ ಸಿಂಪಡಣೆಯ ವಹಿ ಆರಂಭಿಸಿ. ಡಬ್ಬಿ ನೀವು ಮುಟ್ಟಬೇಡಿ. ದೊಡ್ಡವರು ಹಿಡಿದು ತೋರಿಸಲಿ, ನೀವು ಓದಿ ಬರೆಯಿರಿ.

ಯೋಚಿಸಿ ಉತ್ತರಿಸಿ

1. ಮಿತಿ ಕಿಲೋಗೆ 0.01 ಮಿಲಿಗ್ರಾಂ ಇದ್ದರೆ 1 ಟನ್ ಹಣ್ಣಿನಲ್ಲಿ ಎಷ್ಟು ಮಿಲಿಗ್ರಾಂ ಇರಬಹುದು? ಎಷ್ಟು ಎಳ್ಳುಕಾಳಿನ ತೂಕ?

2. ಮೇಲಿನ ಉದಾಹರಣೆಯಲ್ಲಿ ಇಮ್ಮಡಿ ಪ್ರಮಾಣ ಹೊಡೆದು ಶೇಷಾಂಶ 1.6ರಿಂದ ಶುರುವಾದರೆ ಎಷ್ಟು ದಿನ ಕಾಯಬೇಕು?

3. 'ಪರೀಕ್ಷೆಯಲ್ಲಿ ಏನೂ ಸಿಕ್ಕಿಲ್ಲ' ಎನ್ನುವುದಕ್ಕೂ 'ಏನೂ ಇಲ್ಲ' ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.